ಪೊಳ್ಳು ಮರದ ಬೆಲೆ

ಎದುರುಮನೆಯವರು ಕಬ್ಬಿಣದ ದೊಡ್ಡ ಗೇಟು ಹಾಕಿಸಿದ್ದೇ ಎಲ್ಲಕ್ಕೂ ಮೂಲ. ಅದನ್ನು ನೋಡಿದಾಗಿನಿಂದ ಅಣ್ಣನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ತನ್ನ ಮನೆಯ ಹಲಗೆ ಬಾಗಿಲಿಗೆ ಹೋಗುವಾಗೊಂದು ಒದೆ, ಬರುವಾಗೊಂದು ಒದೆ ಕೊಡುತ್ತಿದ್ದ. ಕೊನೆಗೆ ಒಂದು ದಿನ, ಹಿತ್ತಲಿನ ಎರಡು ತೇಗದ ಮರಗಳಲ್ಲಿ ಒಂದನ್ನು ಮಾರಿ ಗೇಟು ಹಾಕಿಸುತ್ತೇನೆಂದು ಸಾರಿಬಿಟ್ಟ.

ತಂಗಿ ತುಳಿಯುತ್ತಿದ್ದ ಹೊಲಿಗೆ ಮಿಷನ್ ನಿಲ್ಲಿಸಿದಳು. ಅವಳ ಹೊಲಿಗೆಯ ಶೆಡ್ಡು ಒಂದು ಮರದ ಬುಡಕ್ಕೆ ಬೆನ್ನು ಕೊಟ್ಟೇ ನಿಂತಿತ್ತು. ತಗಡಿನ ಸೂರು. ಮರದ ನೆರಳಿಲ್ಲದಿದ್ದರೆ ಬೇಸಿಗೆಯಲ್ಲಿ ಕಾದ ಕಾವಲಿ. ಅಲ್ಲದೆ ಆ ಮರ ಬೀಳಿಸಬೇಕಾದರೆ ಮೊದಲು ಶೆಡ್ಡನ್ನೇ ಬಿಚ್ಚಬೇಕು.

"ಬಿಚ್ಚಿದ್ರೇನಾಯ್ತು? ಆಮೇಲೆ ಕಟ್ಟಿದ್ರಾಯ್ತು" ಎಂದ ಅಣ್ಣ.

ಅಣ್ಣನ 'ಆಮೇಲೆ' ಎಂಥದ್ದೆಂದು ಅವಳಿಗೆ ಗೊತ್ತಿಲ್ಲವೇ? ಬಚ್ಚಲ ಬಾಗಿಲಿಗೆ ಚಿಲಕ 'ಆಮೇಲೆ' ಎಂದಿದ್ದ. ಅವನ ಮಗಳು ಮದುವೆಯಾಗಿ ಹೋಗಿ ಮೊಮ್ಮಗುವೂ ಆಯಿತು. ಇವತ್ತಿಗೂ ಸ್ನಾನಕ್ಕೆ ಹೋದವರು ಒಳಗಿನಿಂದ ಹಾಡುತ್ತಲೇ ಇರಬೇಕು.

ಮರ ನೋಡಲು ಮರಕುಟಿಗ ಬಂದ. ಸಾಮಿಲ್ಲಿನ ಪರವಾಗಿ ಮರಕ್ಕೆ ಬೆಲೆ ಕಟ್ಟುವುದು ಅವನ ಕಸುಬು. ಕೊಡತಿಯಿಂದ ಕಾಂಡಕ್ಕೆ ಕುಟ್ಟಿ ಕಿವಿಯಿಟ್ಟು ಕೇಳುತ್ತಿದ್ದುದರಿಂದ ಆ ಹೆಸರು. ಶೆಡ್ಡಿನ ಮರಕ್ಕೆ ಎದೆಯೆತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ಹಿಡಿದ. ಚಾಕುವಿನಿಂದ ತೊಗಟೆ ಎಬ್ಬಿಸಿ ದಪ್ಪ ನೋಡಿದ. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಮೊದಲ ಕೊಂಬೆಯವರೆಗಿನ ಎತ್ತರ ಅಂದಾಜು ಮಾಡಿದ. ಆಮೇಲೆ ಕುಟ್ಟಿದ. ಟಣ್ ಎಂದಿತು. ಹೆಣ ನೋಡಿದವನ ಹಾಗೆ ಮುಖ ಇಳಿಬಿಟ್ಟ.

"ಯಜಮಾನ್ರೇ, ಏನು ಹೇಳಲಿ? ಒಳಗೆಲ್ಲ ಪೊಳ್ಳು. ಸೌದೆಗಷ್ಟೇ."

ಗೋಡೆಯ ಹತ್ತಿರದ ಇನ್ನೊಂದು ಮರಕ್ಕೆ ಹೋಗಿ ಕುಟ್ಟಿದ. ಖಾಲಿ ಡಬ್ಬಿ ಬಡಿದಂತೆ ಡೊಬ್ ಎಂದಿತು. ಮರಕುಟಿಗನ ಮುಖ ಅರಳಿತು.

"ಇದು ನೋಡಿ ಮರ ಅಂದ್ರೆ! ಆದ್ರೆ ಈಗ ಕಡೀಬೇಡಿ, ಪಾಪ ಬರುತ್ತೆ. ಹತ್ತು ವರ್ಷ ಬಿಡಿ, ಬಂಗಾರ ಆಗುತ್ತೆ. ಆ ಪೊಳ್ಳನ್ನ ಸೌದೆ ರೇಟಿಗೆ ನಾನೇ ತಗೊಂಡ್ಹೋಗ್ತೀನಿ, ನಿಮ್ಮ ಮುಖ ನೋಡಿ."

ಒಳ್ಳೆಯ ಮರವನ್ನು ಬಿಡು ಎನ್ನುವ ವ್ಯಾಪಾರಿ ಎಲ್ಲಿ ಸಿಗುತ್ತಾನೆ? ಅಣ್ಣ ಕರಗಿ ನೀರಾದ. ಅಲ್ಲೇ ದುಡ್ಡು ಕೈ ಬದಲಾಯಿತು. ಗೇಟಿಗೆ ಅದು ಸಾಲದಿದ್ದರೂ ಗೇಟಿನ ಒಂದು ರೆಕ್ಕೆಗಾದರೂ ಬಂತಲ್ಲ ಎಂದುಕೊಂಡ. ಮರಕುಟಿಗ ಜೇಬಿನಿಂದ ನೀಲಿ ಬಳಪ ತೆಗೆದು ಶೆಡ್ಡಿನ ಮರದ ಬುಡದಲ್ಲಿ ಇಂಟು ಗುರುತು ಎಳೆದ.

"ನಾಳೆ ಬೆಳಿಗ್ಗೆ ನಮ್ಮ ಹುಡುಗ್ರು ಬರ್ತಾರೆ. ಲಾರಿ ಜೊತೆ ನಾನು ಮಧ್ಯಾಹ್ನ ಬರ್ತೀನಿ. ಅವರಿಗೆ ಏನೂ ಹೇಳೋದು ಬೇಡ. ಗುರುತು ಕಂಡದ್ದನ್ನ ಕಡೀತಾರೆ, ಅಷ್ಟೆ."

ಅವನು ಹೋದ ಮೇಲೆ ತಂಗಿ ಬಾಯಿ ತೆರೆದಳು. "ಅಣ್ಣ, ಆ ಗೋಡೆ ಕಡೆ ಮರ ಇದ್ಯಲ್ಲ..."

"ಬಟ್ಟೆ ಹೊಲಿಯೋಳಿಗೆ ಮರದ ಉಸಾಬರಿ ಯಾಕೆ? ನಾಳೆಯೊಳಗೆ ಮಿಷನ್ ಎತ್ತಿಡು!"

ಅವಳು ಬಾಯಿ ಮುಚ್ಚಿದಳು. ಮುಚ್ಚಿದ ಮೇಲೆ, ಮುಚ್ಚಿದ್ದೇ ಒಳ್ಳೆಯದಾಯಿತು ಅನ್ನಿಸಿತು. ಗೋಡೆ ಕಡೆಯ ಮರ ಪೊಳ್ಳೆಂದು ಅವಳಿಗೆ ಗೊತ್ತಿತ್ತು. ಬುಡದ ಪೊಟರೆಗೆ ನುಗ್ಗಿದ ಅಳಿಲು ಮೇಲಿನ ಕೊಂಬೆಯ ಸಂದಿಯಲ್ಲಿ ಮೂತಿ ತೋರಿಸುವುದನ್ನು ಎಷ್ಟು ಸಲ ನೋಡಿರಲಿಲ್ಲ! ಅಣ್ಣನಿಗೆ ಮರವೆಂದರೆ ಸೈಕಲ್ ಒರಗಿಸುವ ಜಾಗ, ಅವನೆಲ್ಲಿ ನೋಡಬೇಕು? ಹಾಗಿದ್ದರೆ ಶೆಡ್ಡಿನ ಮರ ಪೊಳ್ಳೆಂದದ್ದೂ ಸುಳ್ಳೇ; ಗಟ್ಟಿ ಮರವನ್ನು ಸೌದೆ ಬೆಲೆಗೆ ಹೊಡೆಯುವ ಆಟ. ಆದರೆ ಈ ನಿಜ ಹೇಳಿದರೆ ಆಗುವುದೇನು? ಅಣ್ಣ ಮರಕುಟಿಗನನ್ನು ಅಟ್ಟಿ, ಅದೇ ಮರವನ್ನು ಇನ್ನೊಬ್ಬನಿಗೆ ಹೆಚ್ಚಿನ ಬೆಲೆಗೆ ಮಾರುತ್ತಾನೆ. ಸುಳ್ಳಿಗೂ ಶೆಡ್ಡು ಹೋಗುತ್ತೆ, ನಿಜಕ್ಕೂ ಶೆಡ್ಡು ಹೋಗುತ್ತೆ.

ಅಣ್ಣ ಊಟ ಮುಗಿಸಿ ಗೊರಕೆ ಹೊಡೆಯತೊಡಗಿದ. ತಂಗಿ ಒದ್ದೆ ಚಿಂದಿಯೊಂದನ್ನು ತೆಗೆದುಕೊಂಡು ಶೆಡ್ಡಿನ ಮರದ ಬುಡ ಒರೆಸಿದಳು. ಅಳತೆ ಗೀಚುವ ಬಳಪ ಅವಳ ಡಬ್ಬಿಯಲ್ಲೂ ಇತ್ತು, ಅದೂ ನೀಲಿಯೇ. ಗೋಡೆ ಕಡೆಯ ಮರಕ್ಕೆ ಒಂದು ಇಂಟು ಗುರುತು ಎಳೆದಳು. ಮರಕುಟಿಗನದಕ್ಕಿಂತ ಅಂದವಾಗಿಯೇ ಬಂತು.

ಮರುದಿನ ಅಣ್ಣ ಕೆಲಸಕ್ಕೆ ಹೋದ ಮೇಲೆ ಸಾಮಿಲ್ಲಿನ ಮೇಸ್ತ್ರಿ ಗರಗಸದವರನ್ನು ಕರೆದುಕೊಂಡು ಬಂದ.

"ಇದೇ ಮರ ತಾನೇ ಅಮ್ಮ?"

"ಗುರುತು ಹಾಕಿದ್ದು ನಿಮ್ಮೋರು. ನನ್ನ ಕೇಳ್ತೀರಲ್ಲ!" ಎಂದು ಅವಳು ಮಿಷನ್ ತುಳಿಯತೊಡಗಿದಳು.

ಅಳಿಲು ಗೋಡೆಗೆ ಜಿಗಿದು ಎಲ್ಲರಿಗೂ ಬಾಯಿತುಂಬ ಬೈಯಿತು. ಮರ ಬಿದ್ದಾಗ ಒಳಗಿನಿಂದ ಮೂಟೆಗಟ್ಟಲೆ ಕಪ್ಪು ಪುಡಿ ಸುರಿಯಿತು.

ಮಧ್ಯಾಹ್ನ ಲಾರಿಯಲ್ಲಿ ಮರಕುಟಿಗನೂ ಸೈಕಲ್ಲಿನಲ್ಲಿ ಅಣ್ಣನೂ ಒಟ್ಟಿಗೇ ಬಂದರು. ಇಬ್ಬರೂ ಒಟ್ಟಿಗೇ ಕಿರುಚಿದರು. ಅಣ್ಣನ ಗಂಟಲು ದೊಡ್ಡದು, ಅವನದೇ ಕೇಳಿಸಿತು.

"ಲೇ ಪಾಪಿ! ಬಂಗಾರದ ಮರ ಕಡಿಸಿಬಿಟ್ಯಲ್ಲೋ! ಸೌದೆ ದುಡ್ಡು ಕೊಟ್ಟು ಬಂಗಾರ ಹೊತ್ಕೊಂಡು ಹೋಗೋಣ ಅಂತಾನಾ?"

"ಎಲ್ಲಿಯ ಬಂಗಾರ ಯಜಮಾನ್ರೇ? ಒಳಗೆ ನೋಡಿ, ಬರೀ ಪೊಳ್ಳು!"

ತಂಗಿ ಕೊರಳಲ್ಲಿ ಟೇಪು ಹಾಕಿಕೊಂಡೇ ಹೊರಗೆ ಬಂದಳು. "ಪೊಳ್ಳಾದ್ರೆ ಸರಿಹೋಯ್ತಲ್ಲ ಸಾರ್. ಪೊಳ್ಳು ಮರಕ್ಕೆ ದುಡ್ಡು ಕೊಟ್ರಿ, ಪೊಳ್ಳು ಮರ ಸಿಕ್ತು. ಇಲ್ಲ, ಇದು ಒಳ್ಳೇ ಮರ ಅಂತೀರಾದ್ರೆ ಒಳ್ಳೇ ಮರದ ರೇಟು ಕೊಡಿ."

"ನಾನು ಗುರುತು ಹಾಕಿದ್ದು ಆ ಮರಕ್ಕಮ್ಮ!"

"ಗುರುತು ಇದಕ್ಕೇ ಇತ್ತು ಸ್ವಾಮಿ" ಎಂದ ಮೇಸ್ತ್ರಿ. "ನಿಮ್ಮದೇ ನೀಲಿ."

ಮರಕುಟಿಗನ ಕಣ್ಣು ಅವಳ ಬೆರಳುಗಳ ಮೇಲೆ ಬಿತ್ತು. ಬೆರಳ ತುದಿಗಳು ನೀಲಿಯಾಗಿದ್ದವು. ಅವನಿಗೆ ಎಲ್ಲ ಅರ್ಥವಾಯಿತು. ಅರ್ಥವಾಗಿದೆ ಎಂದು ಅವಳಿಗೂ ಅರ್ಥವಾಯಿತು. ಆದರೆ ಹೇಳುವುದು ಹೇಗೆ? ಸೌದೆ ಬೆಲೆಯ ಮರಕ್ಕಾಗಿ ಇವನು ಇಷ್ಟು ಯಾಕೆ ಒದ್ದಾಡುತ್ತಾನೆಂದು ಯಾರಾದರೂ ಕೇಳದೆ ಬಿಡುತ್ತಾರೆಯೇ? ಕಳ್ಳನಿಗೆ ಚೇಳು ಕಡಿದಂತಾಯಿತು.

ಅಣ್ಣ ಸಿಡುಕನೇ ಹೊರತು ದಡ್ಡನಲ್ಲ. ಶೆಡ್ಡಿನ ಮರದ ಕಡೆ ತಿರುಗಿದ. "ಅಲ್ಲಾ, ಒಳ್ಳೇದು ಅಂದಿದ್ದು ಪೊಳ್ಳಾದ್ರೆ, ಪೊಳ್ಳು ಅಂದಿದ್ದು..."

ತಂಗಿ ಅವನ ಮಾತು ಮುಗಿಯಲು ಬಿಡಲಿಲ್ಲ. "ಸಾರ್, ಇನ್ನೊಂದ್ಸಲ ಕುಟ್ಟಿ ನೋಡಿ ಹೇಳ್ಬಿಡಿ. ನಿನ್ನೆ ಸುಳ್ಳು ಹೇಳಿದ್ರಿ ಅಂತ ನಮ್ಮಣ್ಣ ತಪ್ಪು ತಿಳ್ಕೋಬಾರ್ದು."

ಅಣ್ಣನ ಕೈಗೆ ಆಗಲೇ ತೋಳು ಗಾತ್ರದ ಕೊಂಬೆಯೊಂದು ಬಂದಿತ್ತು. ಮರಕುಟಿಗ ಅದನ್ನು ನೋಡಿದ, ಹೋಗಿ ಕುಟ್ಟಿದ. ಟಣ್.

"ಕೇಳಿದ್ರಾ? ಇದು ಅದಕ್ಕಿಂತ ಪೊಳ್ಳು."

"ಹಾಗಾದ್ರೆ ಇದನ್ನೂ ಸೌದೆ ರೇಟಿಗೆ ಎತ್ಕೊಂಡ್ಹೋಗು" ಎಂದುಬಿಟ್ಟ ಅಣ್ಣ. "ಗೇಟಿನ ಇನ್ನೊಂದು ರೆಕ್ಕೆಗೂ ಆಗುತ್ತೆ."

ಮರಕುಟಿಗನ ಮುಖದಲ್ಲಿ ದೀಪ ಹತ್ತಿತು. ಕೈ ಜೇಬಿಗೆ ಹೋಯಿತು.

ತಂಗಿ ಆ ಕೈಯನ್ನೇ ನೋಡಿದಳು. ಆಮೇಲೆ ನಕ್ಕಳು. "ಕೊಟ್ಬಿಡು ಅಣ್ಣ, ಪೀಡೆ ತೊಲಗಲಿ. ಶೆಡ್ಡು ಈಗಲೇ ಬಿಚ್ಚಿಸ್ತೀನಿ. ಆದ್ರೆ ಸಾರ್, ಸೌದೆ ಅಲ್ವಾ? ಇಲ್ಲೇ ಮೊಳಕ್ಕೊಂದು ತುಂಡು ಮಾಡಿಸಿ, ನಮ್ಮ ಕಣ್ಣೆದುರೇ ಸೀಳಿಸಿ ಒಯ್ಯಿರಿ. ಪೊಳ್ಳು ಮರದ ದಿಮ್ಮಿ ಹೊತ್ಕೊಂಡ್ಹೋದ್ರೆ ಸಾಮಿಲ್ಲಲ್ಲಿ ನಿಮ್ಮನ್ನ ನೋಡಿ ಯಾರಾದ್ರೂ ನಗಲ್ವಾ?"

"ಹೌದಲ್ಲ" ಎಂದ ಅಣ್ಣ. "ಮೇಸ್ತ್ರಿ, ಕೊಡಲಿ ತಗೊಳ್ರಯ್ಯ."

ಮರಕುಟಿಗ ಕಾಂಡವನ್ನು ಕೆಳಗಿನಿಂದ ಮೇಲಕ್ಕೊಮ್ಮೆ ನೋಡಿದ. ನೆಟ್ಟಗೆ, ಗಂಟಿಲ್ಲದೆ, ಹದಿನೈದು ಅಡಿ. ಅದನ್ನು ಒಲೆ ಸೌದೆಯಾಗಿ ಸೀಳಿದರೆ ದಿಮ್ಮಿಯ ಬೆಲೆಯೇ ಹೋಯಿತು. ಸೀಳಿದ ಮೊದಲ ಏಟಿಗೇ ಒಳಗಿನ ಬಣ್ಣ ಅಣ್ಣನಿಗೆ ಕಾಣುವುದಂತೂ ಖಂಡಿತ. ಜೇಬಿನಿಂದ ಕೈ ತೆಗೆದ.

"ಬೇಡ ಬಿಡಿ ಯಜಮಾನ್ರೇ. ಇದು ಸೌದೆಗೂ ಬರಲ್ಲ. ಬರೀ ಹೊಗೆ."

ಲಾರಿ ಪೊಳ್ಳು ಕಾಂಡವನ್ನು ಹೇರಿಕೊಂಡು ಹೋಯಿತು. ಅಣ್ಣ ಶೆಡ್ಡಿನ ಮರಕ್ಕೆ ಜೋರಾಗಿ ಒಂದು ಒದೆ ಕೊಟ್ಟು, ಕಾಲು ಹಿಡಿದುಕೊಂಡು ಕುಣಿದ.

"ದರಿದ್ರದ್ದು! ಸೌದೆಗೂ ಬೇಡ್ವಂತೆ! ಇಲ್ಲೇ ಬಿದ್ದು ಸಾಯ್ಲಿ!"

"ಇರ್ಲಿ ಬಿಡಣ್ಣ, ಏನ್ಮಾಡೋದು" ಎಂದಳು ತಂಗಿ. ನಗು ಕಾಣಬಾರದೆಂದು ಅಂಗಿಯ ಕಾಲರಿನ ಮೇಲೆ ತಲೆ ಬಗ್ಗಿಸಿ, ಮಿಷನ್ ಜೋರಾಗಿ ತುಳಿದಳು.