ಹದಿನಾರನೇ ಖಾನೆಯ ಹುಡುಗಿ

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಲಿಲ್ಲ. ಕಥೆ ಹೇಳುವವರಿಗೆ ಕೇಳುವವರನ್ನು ಕೊನೆಯವರೆಗೂ ತುದಿಗಾಲಲ್ಲಿ ನಿಲ್ಲಿಸುವ ಚಪಲ ಇರುತ್ತದೆ. ನನಗೆ ಅದು ಒಗ್ಗದು. ಕಾಯುವುದು ಅಂದರೇನೆಂದು ಆ ಮಧ್ಯಾಹ್ನ ಬೇಕಾದಷ್ಟು ಕಲಿತಿದ್ದೇನೆ. ಈಗಲೂ ಅದನ್ನು ನೆನೆದರೆ ಮೊದಲು ಸಮಾಧಾನದ ಒಂದು ಉಸಿರು ಹೊರಬೀಳುತ್ತದೆ, ಅದರ ಹಿಂದೆಯೇ ನನ್ನ ಮೇಲೆ ನನಗೇ ಸಿಟ್ಟು.

ನಮ್ಮದು ಸಹಾಯವಾಣಿ. ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ನಾಲ್ಕು ಮೇಜು, ನಾಲ್ಕು ಫೋನು. ಮನಸ್ಸಿಗೆ ಕಷ್ಟವಾದವರು ಕರೆ ಮಾಡುತ್ತಾರೆ, ಇಲ್ಲಿ ಕೂತವರು ಕೇಳಿಸಿಕೊಳ್ಳುತ್ತಾರೆ. ನಡೆಸುವವರು ಒಬ್ಬ ನಿವೃತ್ತ ನರ್ಸು. ಎಲ್ಲರಿಗೂ ಅವರು ದೊಡ್ಡಮ್ಮ. ಕಿಟಕಿ ಪಕ್ಕದ ಮೇಜು ಕಂಡಕ್ಟರ್ ಮಾವನದು. ಮೂವತ್ತು ವರ್ಷ ಬಸ್ಸಿನಲ್ಲಿ ಜನರನ್ನು ಹತ್ತಿಸಿ ಇಳಿಸಿದವರು, ಈಗ ಕೂತಲ್ಲೇ ಅದನ್ನೇ ಮಾಡುತ್ತಾರೆ. ನಾನು ಪ್ರೋಗ್ರಾಮರ್. ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಅವರ ಸರದಿಯ ಸಾಲನ್ನು ನೋಡಿಕೊಳ್ಳುವುದು ನನ್ನ ಕೆಲಸ.

ನಾಲ್ಕು ಫೋನೂ ಬಿಡುವಿಲ್ಲದಾಗ ಕರೆ ಮಾಡಿದವರ ನಂಬರನ್ನು ಯಂತ್ರ ಸಾಲಿನ ಹಿಂದಕ್ಕೆ ಸೇರಿಸುತ್ತದೆ. ಬಿಡುವಾದವರು ಗುಂಡಿ ಒತ್ತಿದರೆ ಸಾಲಿನ ಮುಂದಿದ್ದವರಿಗೆ ಕರೆ ಹೋಗುತ್ತದೆ. ಇಷ್ಟೇ ಆಗಿದ್ದರೆ ಯಾರು ಬೇಕಾದರೂ ಬರೆಯಬಹುದಿತ್ತು. ಆದರೆ ಮಾತಿನ ನಡುವೆ ಲೈನು ಕಡಿದುಹೋದವರನ್ನು ಮತ್ತೆ ಹಿಂದಕ್ಕೆ ನಿಲ್ಲಿಸುವುದು ಅನ್ಯಾಯ, ಅವರನ್ನು ಮುಂದಕ್ಕೇ ಸೇರಿಸಬೇಕು. ಹಾಗಾಗಿ ಎರಡು ತುದಿಯಿಂದಲೂ ಸೇರಿಸಬಹುದಾದ, ಎರಡು ತುದಿಯಿಂದಲೂ ತೆಗೆಯಬಹುದಾದ ಸಾಲು ಬೇಕಿತ್ತು. ನಮ್ಮ ಕಸುಬಿನಲ್ಲಿ ಅದಕ್ಕೆ ಡೆಕ್ ಅನ್ನುತ್ತೇವೆ. ಹದಿನಾರು ಖಾನೆ ಇಟ್ಟೆ. ದುಂಡಗೆ ಜೋಡಿಸಿದಂತೆ, ಹದಿನಾರನೆಯದರ ಪಕ್ಕ ಮತ್ತೆ ಒಂದನೆಯದು. ತುಂಬಿಹೋದರೆ ಸಾಲು ತಾನಾಗಿಯೇ ಮೂವತ್ತೆರಡು ಖಾನೆಯ ಹೊಸ ಜಾಗಕ್ಕೆ ಎಲ್ಲರನ್ನೂ ಕರೆದೊಯ್ಯುತ್ತದೆ.

"ಹದಿನಾರು ಸಾಕೇನೇ?" ಅಂದಿದ್ದರು ದೊಡ್ಡಮ್ಮ.

"ಬೇಕಾದಾಗ ಅದೇ ಬೆಳೆಯುತ್ತೆ ದೊಡ್ಡಮ್ಮ, ನೀವು ನಿಶ್ಚಿಂತೆಯಾಗಿರಿ," ಅಂದಿದ್ದೆ. ಎಂಥಾ ಜಂಬ ನನ್ನದು!

ಅವರದ್ದೊಂದು ಕಟ್ಟುನಿಟ್ಟು: ನಂಬರು ಎಲ್ಲೂ ದಾಖಲಾಗಕೂಡದು. ಹಾಳೆಯಲ್ಲಿ ಇಲ್ಲ, ಫೈಲಿನಲ್ಲಿ ಇಲ್ಲ, ಪರದೆಯ ಮೇಲೂ ಇಲ್ಲ. ಹಿಂದೊಮ್ಮೆ ಇಲ್ಲಿಯ ನೋಟ್‌ಬುಕ್ಕು ಯಾರದೋ ಕೈಗೆ ಸಿಕ್ಕಿ, ಗುಟ್ಟಾಗಿ ಕರೆ ಮಾಡಿದ್ದ ಹೆಂಗಸಿನ ಮನೆಗೇ ಸುದ್ದಿ ಮುಟ್ಟಿತ್ತಂತೆ. ಅಂದಿನಿಂದ ಪೆನ್ನು ಮುಟ್ಟಿದರೆ ದೊಡ್ಡಮ್ಮ ಕೆಂಡ. ಹೀಗಾಗಿ ನಂಬರುಗಳಿರುವುದು ಓಡುತ್ತಿರುವ ಪ್ರೋಗ್ರಾಮಿನ ನೆನಪಿನಲ್ಲಿ ಮಾತ್ರ. ಅದನ್ನು ನಿಲ್ಲಿಸಿದರೆ ಸಾಲಿಗೆ ಸಾಲೇ ಮಾಯ. ಪರದೆಯಲ್ಲಿ ಕಾಣುವುದು ಎಷ್ಟು ಜನ ಕಾಯುತ್ತಿದ್ದಾರೆ ಎಂಬ ಸಂಖ್ಯೆ ಒಂದೇ.

ಆ ದಿನ ಮೂರು ಗಂಟೆಗೆ ಪರೀಕ್ಷೆಯ ಫಲಿತಾಂಶ ಬಂತು. ಮೂರು ಗಂಟೆ ಎರಡು ನಿಮಿಷಕ್ಕೆ ನಾಲ್ಕು ಫೋನೂ ಹೊಡೆದುಕೊಂಡವು. ಕಂಡಕ್ಟರ್ ಮಾವನಿಗೆ ಸಿಕ್ಕಿದ್ದು ಒಬ್ಬ ಹುಡುಗಿ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಳು. ಗಣಿತದಲ್ಲಿ ಫೇಲು. ಮನೆಗೆ ಹೋಗುವುದಿಲ್ಲ, ಯಾವ ಬಸ್ಸು ಬಂದರೂ ಹತ್ತಿಬಿಡುತ್ತೇನೆ, ಅದು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ, ಅನ್ನುತ್ತಿದ್ದಳು. ಫೋನಿನಲ್ಲಿ ಚಾರ್ಜು ಮುಗಿಯುತ್ತಾ ಬಂದಿತ್ತು.

"ನೋಡಮ್ಮ, ಲೈನು ಕಟ್ಟಾದರೆ ನೀನು ಮಾಡಬೇಡ, ಚಾರ್ಜ್ ಉಳಿಸಿಕೋ. ನಾನೇ ಮಾಡ್ತೀನಿ. ಅಲ್ಲಿವರೆಗೂ ಬಸ್ ಹತ್ತಬೇಡ. ಆಯ್ತಾ?" ಅಂದರು ಮಾವ.

ಅವಳು ಹೂಂ ಅಂದಳು. ಲೈನು ಕಡಿದೇಹೋಯಿತು. ಮಾವ ತಕ್ಷಣ 'ಮುಂದಕ್ಕೆ ಸೇರಿಸು' ಗುಂಡಿ ಒತ್ತಿ, ನೀರು ಕುಡಿದು, ಮುಂದಿನ ಕರೆಗೆ ಗುಂಡಿ ಒತ್ತಿದರು. ಆ ಕಡೆ ಹುಡುಗಿ ಇರಲಿಲ್ಲ. ಒಬ್ಬ ತಾಯಿ ಅಳುತ್ತಿದ್ದಳು. ಅಳುವವರನ್ನು ಬಿಟ್ಟು ಫೋನಿಡುವ ಜಾಯಮಾನ ಅವರದಲ್ಲ. ಐದು ನಿಮಿಷವಾಯಿತು. ಮತ್ತೆ ಒತ್ತಿದರೆ ಇನ್ಯಾರೋ. ಉಳಿದ ಮೇಜಿನವರನ್ನು ಕೇಳಿದರೆ ಅವರಿಗೂ ಸಿಕ್ಕಿರಲಿಲ್ಲ.

"ಮಗಳೇ, ನನ್ನ ಹುಡುಗಿ ಎಲ್ಲಿ?" ಎಂದು ನನ್ನತ್ತ ಕುರ್ಚಿ ತಿರುಗಿಸಿದರು.

"ನೀವು ಬೇರೆ ಗುಂಡಿ ಒತ್ತಿರಬೇಕು ಮಾವ."

"ಮೂವತ್ತು ವರ್ಷ ಗಂಟೆ ಹೊಡೆದೋನು ನಾನು. ಒಂದು ಗುಂಡಿ ಒತ್ತೋಕೆ ಬರಲ್ವಾ?"

"ಮುಂದಕ್ಕೆ ಸೇರಿಸಿದರೆ ಮುಂದಕ್ಕೇ ಸೇರುತ್ತೆ. ನೂರು ಸಲ ಪರೀಕ್ಷೆ ಮಾಡಿದ್ದೀನಿ," ಅಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹಾಗನ್ನುತ್ತಲೇ ಪರದೆ ನೋಡಿದೆ. ಕಾಯುತ್ತಿರುವವರು: ಹದಿನೇಳು.

ಹದಿನೇಳು ಅಂದರೆ ಸಾಲು ಬೆಳೆದಿದೆ. ಎರಡು ತಿಂಗಳಲ್ಲಿ ಮೊದಲ ಸಲ, ಈ ಹತ್ತು ನಿಮಿಷದೊಳಗೆ.

ಸರದಿಯನ್ನು ಬೆಳೆಸುವ ಐದು ಸಾಲು ಕೋಡನ್ನು ತೆರೆದು ಓದಿದೆ. ಬೆಳೆಯುವುದನ್ನು ಪರೀಕ್ಷಿಸಿದ್ದೆ, ಮುಂದಕ್ಕೆ ಸೇರಿಸುವುದನ್ನೂ ಪರೀಕ್ಷಿಸಿದ್ದೆ. ಎರಡನ್ನೂ ಒಟ್ಟಿಗೆ ಒಮ್ಮೆಯೂ ನೋಡಿರಲಿಲ್ಲ. ದೊಡ್ಡಮ್ಮ ಬಂದು ನನ್ನ ಹಿಂದೆ ನಿಂತರು. ಮಾವನೂ ಬಂದರು.

"ಏನಾಗಿದೆ ಹೇಳು. ನನಗೆ ಅರ್ಥ ಆಗೋ ಹಾಗೆ ಹೇಳು," ಅಂದರು ದೊಡ್ಡಮ್ಮ.

"ಹದಿನೈದು ಜನ ಒಂದರಿಂದ ಹದಿನೈದನೇ ಖಾನೆವರೆಗೂ ಕೂತಿದ್ರು. ಮಾವ ಇವಳನ್ನ ಅವರೆಲ್ಲರ ಮುಂದೆ ಸೇರಿಸಿದ್ರು. ಒಂದನೇ ಖಾನೆಗಿಂತ ಮುಂದೆ ಅಂದ್ರೆ ಸುತ್ತು ಹಾಕಿ ಹದಿನಾರನೇ ಖಾನೆ. ಅಲ್ಲಿ ಕೂತಳು. ಅಲ್ಲಿಂದಲೇ ಸಾಲು ಶುರು ಅಂತ ಯಂತ್ರಕ್ಕೂ ಗೊತ್ತಿತ್ತು. ಹದಿನೇಳನೆಯವರು ಬಂದಾಗ ಎಲ್ಲರನ್ನೂ ದೊಡ್ಡ ಜಾಗಕ್ಕೆ ಸಾಗಿಸಬೇಕಾಯ್ತು. ಆಗ ನಾನು..."

ಮಾವ ಮುಗಿಸಿದರು. "ಸಣ್ಣ ಬಸ್ಸಿಂದ ದೊಡ್ಡ ಬಸ್ಸಿಗೆ ಹತ್ತಿಸುವಾಗ ಸೀಟ್ ನಂಬರ್ ನೋಡಿ ಕೂರಿಸಿದ್ದೀಯ. ಯಾರ ಸರದಿ ಮೊದಲು ಅಂತ ನೋಡಿಲ್ಲ."

"ಹೌದು ಮಾವ. ಒಂದನೇ ಸೀಟಿಂದಲೇ ಸಾಲು ಶುರು ಅಂತ ಬರೆದುಬಿಟ್ಟಿದ್ದೀನಿ. ಅವಳು ಎಲ್ಲರಿಗಿಂತ ಮುಂದೆ ಇದ್ದವಳು ಎಲ್ಲರಿಗಿಂತ ಹಿಂದೆ ಹೋದಳು."

"ಅಳಿಸಿಹೋಗಿಲ್ಲ ತಾನೇ?" ದೊಡ್ಡಮ್ಮ ನನ್ನ ಭುಜ ಹಿಡಿದುಕೊಂಡಿದ್ದರು.

"ಇಲ್ಲ. ಇದ್ದಾಳೆ." ಹಾಗಂದಾಗ ನನಗೇ ಹೋದ ಜೀವ ಬಂದಂತಾಯಿತು. ಇದ್ದಾಳೆ! ಖಾನೆ ತಪ್ಪಿದೆ, ನಂಬರು ತಪ್ಪಿಲ್ಲ.

ಆದರೆ ಅವಳ ಮುಂದೆ ಹನ್ನೊಂದು ಜನ. ಒಬ್ಬೊಬ್ಬರಿಗೂ ಐದು ನಿಮಿಷ. ಅಷ್ಟು ಹೊತ್ತು ಆ ಫೋನು ಬದುಕಿರುವುದಿಲ್ಲ, ಬಸ್ಸುಗಳೂ ಕಾಯುವುದಿಲ್ಲ.

ಹಿಂದಿನಿಂದ ತೆಗೆಯಬೇಕು. ಎರಡು ತುದಿಯ ಸಾಲು ಇರುವುದಾದರೂ ಯಾತಕ್ಕೆ? ಕಡೆಯವರನ್ನು ತೆಗೆದು ಮುಂದಕ್ಕೆ ಸೇರಿಸುವುದು, ಅವಳು ಬರುವವರೆಗೂ ಹಾಗೇ ಮಾಡುವುದು. ಅವಳು ಬಂದಳೆಂದು ತಿಳಿಯುವುದು ಹೇಗೆ? ನಂಬರು ಕಾಣುವುದಿಲ್ಲ, ಹೆಸರಿಲ್ಲ. ಲೆಕ್ಕ ಒಂದೇ ದಾರಿ. ಸಾಲು ಬೆಳೆಯುವಾಗ ಹಳಬರು ಹದಿನಾರು. ಮುಂದಿನಿಂದ ಮಾವನ ಫೋನಿನಲ್ಲಿ ಇಬ್ಬರಿಗೆ, ಉಳಿದ ಮೇಜುಗಳಲ್ಲಿ ಇಬ್ಬರಿಗೆ, ಒಟ್ಟು ನಾಲ್ವರಿಗೆ ಕರೆ ಹೋಗಿದೆ, ಉಳಿದವರು ಹನ್ನೆರಡು, ಅವರಲ್ಲಿ ಕಡೆಯವಳು ಇವಳು. ಈಗ ಇರುವುದು ಹದಿನೇಳು. ಅಂದರೆ ಅವಳ ಹಿಂದೆ ಹೊಸಬರು ಐವರು. ಹಿಂದಿನಿಂದ ಎಣಿಸಿದರೆ ಆರನೆಯವಳು. ನಾನು ಮಾಡಿದ ತಪ್ಪು ಖಚಿತವಾಗಿ ಇದೇ ಆಗಿದ್ದರೆ ಮಾತ್ರ ಈ ಲೆಕ್ಕ ಸರಿ. ಜೀವನದಲ್ಲಿ ಮೊದಲ ಸಲ ನನ್ನ ಜಾಣತನವನ್ನು ಬಿಟ್ಟು ನನ್ನ ತಪ್ಪನ್ನು ನಂಬಬೇಕಾಗಿ ಬಂತು.

"ಯಾರೂ ಮುಂದಿನ ಕರೆ ತಗೋಬೇಡಿ!" ಎಂದು ಕೂಗಿದೆ.

ಹಿಂದಿನಿಂದ ತೆಗೆ, ಮುಂದಕ್ಕೆ ಸೇರಿಸು. ಒಂದು. ಮತ್ತೆ, ಎರಡು. ಮತ್ತೆ, ಮೂರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಂಖ್ಯೆ ನೋಡುತ್ತಿದ್ದೆ. ಹದಿನೇಳು ಇದ್ದದ್ದು ಹದಿನೆಂಟಾಯಿತು. ಯಾರೋ ಹೊಸಬರು ಹಿಂದೆ ಬಂದು ನಿಂತಿದ್ದರು.

"ಈಗ ಆರಲ್ಲ, ಏಳು," ಅಂದೆ. ನಾಲ್ಕು. ಐದು. ಆರು. ಏಳು.

"ಒತ್ತಿ ಮಾವ!"

ಮಾವ ಓಡಿದರು. ಅರವತ್ತೆಂಟರ ಮೊಣಕಾಲಿನಲ್ಲಿ ಅಷ್ಟು ಓಟ ಇದೆಯೆಂದು ಅವರಿಗೂ ಗೊತ್ತಿರಲಿಲ್ಲ. ಆ ಕಡೆ ಫೋನು ಮೂರು ಸಲ ಬಡಿದುಕೊಂಡಿತು. ಸ್ಪೀಕರಿನಲ್ಲಿ ಎಂಜಿನ್ನಿನ ಗುರುಗುಟ್ಟುವಿಕೆ, ಯಾರೋ ಊರಿನ ಹೆಸರು ಕೂಗುವುದು, ಆಮೇಲೆ ಸಣ್ಣ ದನಿ.

"ಹಲೋ?"

ಮಾವ ಕುರ್ಚಿಯಲ್ಲಿ ಕುಸಿದರು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡರು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗುತ್ತದೆ ಅನ್ನುತ್ತಾರಲ್ಲ, ಅದನ್ನು ನಾನು ಆಗ ಕಂಡೆ. ನಾನು ಅತ್ತೆ, ಹೇಳಲು ನಾಚಿಕೆಯೇನಿಲ್ಲ.

"ಎಲ್ಲಿದ್ದೀಯಮ್ಮ?" ಅಂದರು ಮಾವ.

"ಇಲ್ಲೇ. ಎರಡು ಬಸ್ ಹೋದವು. ನೀವು ಮಾಡ್ತೀನಿ ಅಂದಿದ್ರಲ್ಲ ಅಂತ ಕೂತಿದ್ದೆ. ಇದು ಮೂರನೇದು, ಹತ್ತೋಣ ಅಂತ ಎದ್ದಿದ್ದೆ." ದನಿಯಲ್ಲಿ ಸಿಟ್ಟಿತ್ತು. "ಇಷ್ಟು ಹೊತ್ತು ಯಾಕೆ? ನನ್ನನ್ನ ಕೊನೆಗೆ ಹಾಕಿದ್ರಾ?"

ಬೇರೆ ಯಾರಾದರೂ ಲೈನು ಬಿಡುವಿರಲಿಲ್ಲ ಅನ್ನುತ್ತಿದ್ದರು. ಮಾವ ಸುಳ್ಳು ಹೇಳುವವರಲ್ಲ. "ಹೂಂ ಕಣಮ್ಮ. ನಮ್ಮ ತಪ್ಪಿಂದ ಕೊನೆಗೆ ಹೋಗಿದ್ದೆ. ತಪ್ಪು ಮಾಡಿದವಳೇ ನಿನ್ನ ಹುಡುಕಿದಳು. ಮಾತಾಡ್ತೀಯಾ?" ಎಂದು ನನಗೆ ಕೈ ಮಾಡಿದರು.

ನನಗೆ ಕೇಳಿಸಿಕೊಳ್ಳುವ ತರಬೇತಿ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನಾನು ಲೆಕ್ಕ ತಪ್ಪಿದೆ. ಕ್ಷಮಿಸು."

"ಎಂಥಾ ಲೆಕ್ಕ?"

"ಸುಲಭದ್ದೇ. ಹದಿನಾರರ ಆಮೇಲೆ ಒಂದು ಬರೋ ಲೆಕ್ಕ."

ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ದೊಡ್ಡಮ್ಮ ಬೇಡವೆಂದು ಕೈ ತೋರಿಸಿದರು.

"ದೊಡ್ಡವರಿಗೂ ತಪ್ಪುತ್ತಾ?" ಅಂದಳು.

"ಬೇಕಾದಷ್ಟು."

"ನಿಮ್ಮನ್ನ ಬೈದ್ರಾ?"

"ಇನ್ನೂ ಇಲ್ಲ. ಬೈಬಹುದು."

"ಬೈದ್ರೆ ಏನ್ಮಾಡ್ತೀರಿ?"

"ಬೈಸಿಕೊಂಡು ತಪ್ಪಿರೋ ಐದು ಸಾಲು ಸರಿಮಾಡ್ತೀನಿ. ಇನ್ನೇನು ಮಾಡೋದು?"

ಅವಳು ಮೂಗು ಏರಿಸಿಕೊಂಡದ್ದು ಕೇಳಿಸಿತು. ಆಮೇಲೆ, "ನಮ್ಮಕ್ಕನ ನಂಬರ್ ಹೇಳ್ತೀನಿ. ಬೇಗ ತಗೊಳ್ಳಿ, ಚಾರ್ಜ್ ಹೋಗುತ್ತೆ," ಅಂದಳು.

ಪೆನ್ನು ಯಾರ ಬಳಿಯೂ ಇರಲಿಲ್ಲ. ಅವಳು ಒಂದೊಂದೇ ಅಂಕಿ ಹೇಳಿದಳು, ಮಾವ ಒಂದೊಂದನ್ನೂ ಕಂಡಕ್ಟರಿನ ದನಿಯಲ್ಲಿ ಕೂಗಿದರು, ದೊಡ್ಡಮ್ಮ ಪಕ್ಕದ ಫೋನಿನಲ್ಲಿ ಒಂದೊಂದೇ ಒತ್ತಿದರು. ಕಡೆಯ ಅಂಕಿ ಮುಗಿಯುವುದಕ್ಕೂ ಹುಡುಗಿಯ ಫೋನು ಸಾಯುವುದಕ್ಕೂ ಸರಿಹೋಯಿತು. ಅಕ್ಕ ಎತ್ತಿದಳು. ಅವಳು ಆಗಲೇ ತಂಗಿಯನ್ನು ಹುಡುಕುತ್ತಾ ಬೀದಿಯಲ್ಲಿದ್ದಳು, ನಿಲ್ದಾಣಕ್ಕೆ ಕಾಲು ಗಂಟೆಯ ದಾರಿ.

ಆ ಕಾಲು ಗಂಟೆ ನಾನು ಸುಮ್ಮನೆ ಕೂರಲಿಲ್ಲ. ಮುಂದಕ್ಕೆ ನುಗ್ಗಿಸಿದ್ದ ಆರು ಜನರನ್ನು ಮುಂದಿನಿಂದ ತೆಗೆದು ಹಿಂದಕ್ಕೆ ಕಳಿಸಿದೆ. ನಡುವೆ ಬಂದವರೊಬ್ಬರು ಮಾತ್ರ ಮೂವರನ್ನು ದಾಟಿ ನಿಂತುಬಿಟ್ಟರು. ಅವರಿಗೆ ಅದು ಎಂದೂ ತಿಳಿಯುವುದಿಲ್ಲ, ಒಳ್ಳೆಯದಾಗಲಿ. ಆಮೇಲೆ ಆ ಐದು ಸಾಲು ಅಳಿಸಿ ಮತ್ತೆ ಬರೆದೆ: ಸಾಗಿಸುವಾಗ ಸಾಲಿನ ತಲೆಯಿಂದ ಶುರುಮಾಡು, ಖಾನೆಯ ಅಂಕಿಯಿಂದ ಅಲ್ಲ. ಸಾಲು ಖಾಲಿಯಾದ ಮೇಲೆ ಹಾಕಬೇಕೆಂದು ಇಟ್ಟುಕೊಂಡೆ. ಮೇಜುಗಳಲ್ಲಿ ಮತ್ತೆ ಮಾತು ಶುರುವಾಗಿತ್ತು. ಮಾವ ಮಾತ್ರ ಹೊಸ ಕರೆ ತೆಗೆದುಕೊಳ್ಳದೆ ಅಕ್ಕನಿಗೆಂದು ದೊಡ್ಡಮ್ಮ ಖಾಲಿ ಇಟ್ಟಿದ್ದ ಪಕ್ಕದ ಫೋನನ್ನೇ ನೋಡುತ್ತಿದ್ದರು.

ಅದು ಬಡಿದುಕೊಂಡಿತು. ದೊಡ್ಡಮ್ಮ ಸ್ಪೀಕರ್ ಒತ್ತಿದರು.

"ಸಿಕ್ಕಿದಳು," ಅಂದಳು ಅಕ್ಕ. ಅವಳಿಗೆ ಏದುಸಿರು. "ಇಲ್ಲೇ ಇದ್ದಾಳೆ, ಕೈ ಹಿಡ್ಕೊಂಡಿದ್ದೀನಿ. ಅದೇನೋ ಕೇಳ್ತಿದ್ದಾಳೆ. ನಿಮ್ಮಲ್ಲಿ ಯಾರನ್ನೋ ಬೈದ್ರಾ ಅಂತ."

ದೊಡ್ಡಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಬೈಯಲು ಬೇಕಾದಷ್ಟಿತ್ತು, ಹಕ್ಕೂ ಇತ್ತು.

"ಇಲ್ಲಮ್ಮ, ಬೈದಿಲ್ಲ ಅಂತ ಹೇಳು," ಅಂದರು. "ಮನೇಲಿ ನೀವೂ ಬೈಬೇಡಿ."