ಪರದೆಯ ಅಂಚು

"ಸ್ವಲ್ಪ ಸಡಿಲ ಬಿಡಿ, ಇಲ್ಲಾಂದ್ರೆ ಕಂಬಿ ಸಮೇತ ನನ್ನ ತಲೆ ಮೇಲೆ ಬೀಳುತ್ತೆ," ಎನ್ನುತ್ತ ಇಸ್ತ್ರಿ ಅಂಗಡಿಯವನು ಸ್ಟೂಲಿನ ಮೇಲೆ ನಿಂತು ಪರದೆಯನ್ನು ಬಿಚ್ಚುತ್ತಿದ್ದ.

ಒಳಕೋಣೆಗೂ ನಡುಮನೆಗೂ ಮಧ್ಯದ ಬಾಗಿಲಿನ ಪರದೆ ಅದು. ಒಳಗೆ ಅಮ್ಮನನ್ನು ಮಲಗಿಸಿದ್ದರು. ಶವದ ಗಾಡಿಯ ಡ್ರೈವರ್ ಸ್ಟ್ರೆಚರ್ ಹಿಡಿದು ಕಾಯುತ್ತಿದ್ದ. ಪರದೆಯನ್ನು ಮಡಚಿ ಮೊಳೆಗೆ ಸಿಕ್ಕಿಸಿದರೆ ಸಾಕು ಎಂದು ಎರಡು ಸಲ ನೋಡಿದರು. ಎರಡು ಸಲವೂ ಅದು ಜಾರಿ ನೆಟ್ಟಗೆ ನಿಂತುಬಿಟ್ಟಿತು.

"ಅಕ್ಕನ ಪರದೆ ಅಕ್ಕನ ಹಾಗೇ. ಬಗ್ಗಿಸಿದ್ರೆ ಬಗ್ಗಲ್ಲ," ಎಂದ ಇಸ್ತ್ರಿಯವನು. ಯಾರೋ ನಕ್ಕು, ನಗಬಾರದಿತ್ತೆಂದು ಕೆಮ್ಮಿದರು.

ಅಕ್ಕ ಎಂದರೆ ಪರದೆಯಕ್ಕ. ಆ ಬೀದಿಯ ಅರ್ಧ ಕಿಟಕಿಗಳಿಗೆ ಅವಳು ಹೊಲಿದ ಪರದೆಗಳಿದ್ದವು. ಅವಳ ಮಗಳೂ ಅದೇ ಹೊಲಿಗೆ ಯಂತ್ರದ ಮುಂದೆ ಕೆಲಸ ಕಲಿತವಳು. ಬೆಳಿಗ್ಗೆಯಿಂದ ಅವಳ ಕಣ್ಣು ಮಾತ್ರ ಬೀದಿಬಾಗಿಲ ಪಕ್ಕದ ಕುರ್ಚಿಯ ಮೇಲೇ ಇತ್ತು. ಅಲ್ಲಿ ಅತ್ತೆ ಕೂತಿದ್ದಳು, ಅಪ್ಪನ ತಂಗಿ. ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಈ ಮನೆಗೆ ಬಂದವಳು. ಬಂದದ್ದೇ ದೊಡ್ಡದು ಎಂಬುದು ಅಪ್ಪನ ಅಭಿಪ್ರಾಯ. ಮಗಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

*

ಅಜ್ಜಿಯ ಹತ್ತಿರ ಒಂಬತ್ತು ಚಿನ್ನದ ನಾಣ್ಯಗಳಿದ್ದವು. ಯಾವುದೋ ಹಳೆಯ ಕಾಲದವು, ಅವುಗಳ ಮೇಲಿನ ರಾಜನ ಮೂಗು ಸವೆದು ಹೋಗಿತ್ತು. ಅವು ತನ್ನ ಮಗಳಿಗೆ, ಅಂದರೆ ಅತ್ತೆಗೆ, ಎಂದು ಅಜ್ಜಿ ಎಲ್ಲರೆದುರೇ ಹೇಳಿದ್ದಳು. ಆಮೇಲೆ ಲಕ್ವ ಹೊಡೆದು ಮಾತು ನಿಂತಿತು. ಹಾಸಿಗೆಯಲ್ಲಿ ಬಿದ್ದ ಹನ್ನೊಂದು ದಿನವೂ ಅವಳು ಬಾಗಿಲ ಕಡೆಗೇ ಬೆರಳು ತೋರಿಸುತ್ತಿದ್ದಳು. ಬಾಗಿಲಲ್ಲಿ ಸೊಸೆ, ಅಂದರೆ ಅಮ್ಮ, ಹಾಲಿನ ಲೋಟ ಹಿಡಿದು ನಿಂತಿರುತ್ತಿದ್ದಳು.

ಅಜ್ಜಿ ಹೋದ ಮೇಲೆ ಪೆಟ್ಟಿಗೆ ತೆಗೆದರೆ ನಾಣ್ಯದ ಚೀಲ ಖಾಲಿ.

"ಅಮ್ಮ ಬೆರಳಿಟ್ಟು ತೋರಿಸಿದ್ಳು, ಇನ್ನೇನು ಬೇಕು?" ಎಂದಳು ಅತ್ತೆ. ಸೊಸೆಗೆ ಅಳು ಬಂದಿತು. ಅದಕ್ಕೂ ಅತ್ತೆಯ ಬಳಿ ಮಾತಿತ್ತು: "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಲಂತೆ."

ಬೀದಿಗೆಲ್ಲ ಸುದ್ದಿ ಹಬ್ಬಿತು. ಪರದೆ ಹೊಲಿಯುವವಳು ಜನರ ಮನೆಯೊಳಗೆ ಹೋಗಿ ಕಿಟಕಿಗಳ ಅಳತೆ ತೆಗೆಯಬೇಕು. ಅವಳು ಟೇಪು ಬಿಚ್ಚುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಬೀರುವಿಗೆ ಬೀಗ ಹಾಕುವ ಸದ್ದು ಕೇಳಿಸುತ್ತಿತ್ತು. ಕೇಳದವಳಂತೆ ಅಳತೆ ಬರೆದುಕೊಳ್ಳುತ್ತಿದ್ದಳು. ಅಪ್ಪ ಒಂದೇ ಒಂದು ಸಲ, ಊಟ ಮಾಡುತ್ತ, "ನಿಜವಾಗ್ಲೂ ನಿನಗೆ ಗೊತ್ತಿಲ್ವಾ?" ಎಂದು ಕೇಳಿದ್ದ.

"ನೀವೂ ಕೇಳ್ತೀರಾ?" ಎಂದು ಅವಳು ತಟ್ಟೆ ಬಿಟ್ಟು ಎದ್ದಿದ್ದಳು.

*

ಪರದೆ ಕೆಳಗಿಳಿಯುವಾಗ ಅದರ ಅಂಚು ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತು. ಇಸ್ತ್ರಿಯವನು ಜಗ್ಗಿದ. ಬಟ್ಟೆ ಪರ್ರನೆ ಹರಿಯಿತು. ಏನೋ ನೆಲಕ್ಕೆ ಬಿದ್ದು ಉರುಳಿ, ಡ್ರೈವರನ ಬೂಟಿಗೆ ತಾಗಿ ನಿಂತಿತು. ಹಿಂದೆಯೇ ಇನ್ನೆರಡು.

ಡ್ರೈವರ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. "ಇದು ಚಿನ್ನ ಇದ್ದ ಹಾಗಿದೆಯಲ್ರೀ..."

ಅತ್ತೆ ಎದ್ದು ಬಂದಳು. ನಾಣ್ಯವನ್ನು ನೋಡಿದಳು, ಪರದೆಯನ್ನು ನೋಡಿದಳು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಎಂದಳು. ಅವಳ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಸುಸ್ತು ಮಾತ್ರ ಇತ್ತು. "ಅವಳದೇ ಪರದೆ, ಅವಳದೇ ಬಾಗಿಲು. ನಾನು ಕೆಟ್ಟವಳಾದೆ ಅಷ್ಟೆ."

ಅಪ್ಪ ತಲೆ ತಗ್ಗಿಸಿದ. ಒಂದು ಕ್ಷಣ ಮಗಳಿಗೂ ಅನುಮಾನ ಬಂದಿತು. ಒಳಗೆ ಅಮ್ಮ ಇನ್ನೂ ಮಲಗಿದ್ದಾಳೆ, ಹೊರಗೆ ತಾನು ಹೀಗೆ ಯೋಚಿಸುತ್ತಿದ್ದೇನೆ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇನ್ನರ್ಧ ಗಂಟೆಯಲ್ಲಿ ಗಾಡಿ ಹೊರಡುತ್ತದೆ. ಅಮ್ಮ ಕಳ್ಳಿಯಾಗಿಯೇ ಹೋಗುತ್ತಾಳೆ. ಅವಳು ನೆಲದ ಮೇಲೆ ಕೂತು ಹರಿದ ಅಂಚನ್ನು ಮಡಿಲಿಗೆಳೆದುಕೊಂಡಳು.

*

ಅವಳಿಗೆ ಹನ್ನೆರಡು ವರ್ಷವಿದ್ದಾಗ ಅಮ್ಮ ಆ ಪರದೆಯ ಮಾಸಿದ ಬಟ್ಟೆ ತೆಗೆದು ಹೊಸದನ್ನು ಹಾಕುತ್ತಿದ್ದಳು. ಕೆಳಗಿನ ದಪ್ಪ ಪಟ್ಟಿಯನ್ನು ಮಾತ್ರ ಹಾಗೇ ಕತ್ತರಿಸಿ ಹೊಸ ಬಟ್ಟೆಗೆ ಕೂಡಿಸಿದಳು.

"ಹಳೇ ಪಟ್ಟಿ ಯಾಕಮ್ಮ?"

"ನಿಮ್ಮಜ್ಜಿ ಹೊಲಿದದ್ದು ಕಣೇ. ನನ್ನ ಗಿರಾಕಿಗಳ ಪರದೆಗೆಲ್ಲ ಸೀಸದ ಬಿಲ್ಲೆ ಇಟ್ಟು ಕೊಡ್ತಿದ್ರು, ಪರದೆ ನೆಟ್ಟಗೆ ಬೀಳಲಿ ಅಂತ. ಹಾಗೇ ನಮ್ಮನೆದಕ್ಕೂ ಇಟ್ಟಿದ್ದಾರೆ. ಎತ್ತಿ ನೋಡು, ಎಂಥಾ ತೂಕ! ನಾನಿಟ್ಟ ಸೀಸಕ್ಕೆ ಹೀಗೆ ಬೀಳಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಂಚು ಇಷ್ಟೇಕೆ ಭಾರ ಎಂದು ಬಿಚ್ಚಿ ನೋಡುತ್ತಿದ್ದರು. ಪರದೆ ಹೊಲಿಯುವವಳಿಗೆ ಅಂಚಿನ ಭಾರದಲ್ಲಿ ಏನು ವಿಶೇಷ? ಮೂರು ಸಲ ಬಟ್ಟೆ ಬದಲಾಯಿಸಿದಳು. ಅಜ್ಜಿಯ ಕೈಹೊಲಿಗೆ ಎಂಬ ಅಕ್ಕರೆಗೆ ಆ ಪಟ್ಟಿಯ ಒಂದು ನೂಲನ್ನೂ ಕೀಳಲಿಲ್ಲ.

*

"ಅತ್ತೆ, ಇಲ್ಲಿ ಬನ್ನಿ," ಎಂದಳು ಮಗಳು. "ಈ ಹೊಲಿಗೆ ನೋಡಿ."

"ಏನು ನೋಡೋದು?"

"ಎಡಕ್ಕೆ ವಾಲಿದೆ. ಅಮ್ಮ ಬಲಗೈಯವಳು, ಅವಳ ಹೊಲಿಗೆ ಬಲಕ್ಕೆ ವಾಲುತ್ತೆ. ಎಡಗೈಲಿ ಹೊಲೀತಿದ್ದವರು ಈ ಮನೇಲಿ ಒಬ್ಬರೇ."

ಅತ್ತೆ ಬಗ್ಗಿ ಹೆಬ್ಬೆರಳಿನಿಂದ ಹೊಲಿಗೆಯನ್ನು ಸವರಿದಳು. ನಾಣ್ಯಕ್ಕೊಂದರಂತೆ ಪುಟ್ಟ ಜೇಬುಗಳು, ಒಂದಕ್ಕೊಂದು ತಾಗಿ ಸದ್ದಾಗದಂತೆ. ಆರು ಇನ್ನೂ ಮುಚ್ಚಿಯೇ ಇದ್ದವು. ಶಾಲೆಗೆ ಹೋಗುವಾಗ ಅವಳ ಲಂಗಗಳ ಅಂಚೆಲ್ಲ ಇದೇ ಹೊಲಿಗೆಯದು. ಅವಳಿಗೆ ಯಾರೂ ಇನ್ನೇನೂ ಹೇಳಬೇಕಾಗಿರಲಿಲ್ಲ.

"ಅಮ್ಮ ಪರದೆ ತೋರಿಸ್ತಿದ್ಳಾ?" ಎಂದು ಅವಳು ಅಣ್ಣನನ್ನು ಕೇಳಿದಳು.

ಅಪ್ಪ ನೆಲಕ್ಕೆ ಬಗ್ಗಿದ. "ನಾನೂ ಅವಳನ್ನ ಕೇಳಿಬಿಟ್ಟೆ," ಎಂದ. "ಒಂದೇ ಸಲ. ಆದ್ರೆ ಕೇಳಿದೆ." ಬಿದ್ದಿದ್ದ ಎರಡನ್ನು ಆರಿಸಿ, ಡ್ರೈವರನ ಕೈಯಲ್ಲಿದ್ದದ್ದನ್ನೂ ತೆಗೆದುಕೊಂಡು, ಮೂರು ನಾಣ್ಯಗಳನ್ನು ತಂಗಿಯ ಮುಂದೆ ಹಿಡಿದ. "ತಗೋ. ನಿನ್ನವೇ."

ಅತ್ತೆ ಕೈ ಚಾಚಲಿಲ್ಲ. ಒಳಕೋಣೆಗೆ ಹೋಗಿ ಮಂಚದ ಪಕ್ಕ ನಿಂತು, "ಅತ್ತಿಗೆ..." ಎಂದಳು. ಮತ್ತೆ, "ಅತ್ತಿಗೆ, ನಾನು..." ಎಂದಳು.

"ಅವಳಿಗೆ ಕೇಳಿಸಲ್ಲ ಅತ್ತೆ," ಎಂದಳು ಮಗಳು ಬಾಗಿಲಲ್ಲಿ ನಿಂತು. ಸಿಟ್ಟಿನಿಂದ ಹೇಳಬೇಕೆಂದಿದ್ದಳು, ಆದರೆ ಅಳು ಬಂದುಬಿಟ್ಟಿತು. "ಕೇಳಿಸೋರಿಗೆ ಹೇಳಿ."

ಸ್ಟ್ರೆಚರ್ ಸರಾಗವಾಗಿ ಹೊರಗೆ ಬಂದಿತು. ಗಾಡಿ ಹೊರಟಿತು. ಹಿಂದೆ ಮಗಳು, ಅಪ್ಪ, ಬೀದಿಯ ಹತ್ತಿಪ್ಪತ್ತು ಜನ. ಅತ್ತೆ ಮಾತ್ರ ಗಾಡಿಯ ಮುಂದೆ ನಡೆಯುತ್ತಿದ್ದಳು. ಪಕ್ಕದ ಮನೆಯ ಮುಂದೆ ನಿಂತು ಬಾಗಿಲು ತಟ್ಟಿದಳು. ಮುದುಕನೊಬ್ಬ ಹೊರಗೆ ಬಂದ.

"ನಮ್ಮತ್ತಿಗೆ ಕದ್ದಿರಲಿಲ್ಲ ರೀ. ನಾನೇ ತಪ್ಪು ಹೇಳಿದ್ದೆ."

ಮುದುಕ ಗಾಡಿಯನ್ನು ನೋಡಿ ತಲೆಯಾಡಿಸಿದ. ಅತ್ತೆ ಮುಂದಿನ ಮನೆಗೆ ಹೋದಳು.

"ಅಮ್ಮಾ, ಎರಡು ಗಂಟೆಗೆ ನಾವು ಅಲ್ಲಿರಬೇಕು," ಎಂದ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ.

"ನಿಧಾನಕ್ಕೆ ಹೋಗಪ್ಪ," ಎಂದ ಅಪ್ಪ.

ಅವಳು ನಿಂತಲ್ಲಿ ಗಾಡಿ ನಿಂತಿತು, ನಡೆದರೆ ನಡೆಯಿತು. ಏಳನೆಯ ಮನೆಯಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡ ಹುಡುಗಿಯೊಬ್ಬಳು ಬಾಗಿಲು ತೆಗೆದಳು. ಹೋದ ತಿಂಗಳು ಬಾಡಿಗೆಗೆ ಬಂದವಳು.

"ಯಾರು ಕದ್ದಿರಲಿಲ್ಲ? ಏನನ್ನ?" ಎಂದು ಕೇಳಿದಳು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಮೊದಲಿನಿಂದ ಹೇಳತೊಡಗಿದಳು. ಡ್ರೈವರ್ ಎಂಜಿನ್ ಆರಿಸಿದ.