ಖಾಲಿ ಕೊಡ ಎದುರಾದ ಮೋಟಾರು

ಇರುವೆ, ಒಂದೇ ಒಂದು, ಮೋಟಾರಿನ ಹೊಟ್ಟೆಯಡಿಯ ಸರಳಿನ ಮೇಲೆ ಹೊರಟಿದೆ, ಕಬ್ಬಿಣದಲ್ಲಿ ಇದಕ್ಕೇನು ಕೆಲಸವೋ ಎಂದುಕೊಂಡಳು ಸಿದ್ದಕ್ಕ, ಕೈಯಲ್ಲಿ ಹರಳೆಣ್ಣೆಯ ಗಿಂಡಿ, ಅಪ್ಪ, ಕಮ್ಮಾರ ಕೆಂಚಪ್ಪ, ಅಡಿಯಲ್ಲಿ ಅಂಗಾತ ಮಲಗಿ ಸುತ್ತಿಗೆಯಿಂದ ತಟ್ಟುತ್ತಿದ್ದಾನೆ, ಠಣ್, ಠಣ್, ಮುಂದಿನ ಚಕ್ರ ತಿರುಗಿಸುವ ಕೀಲು ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ — ನಿನ್ನೆ ಮಾರಿಕಣಿವೆ ಕಟ್ಟೆ ನೋಡಲು ಹೊರಟ ಸಾವ್ಕಾರ ಪಂಚಾಕ್ಷರಪ್ಪನವರ ಹೊಸ ಮೋಟಾರು, ಇದೇ ಕೀಲು ಕಚ್ಚಿಕೊಂಡು, ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೋಗಿ ಜಾಲಿಮರಕ್ಕೆ ಮೂತಿ ಇಟ್ಟಿತು, ಎದುರಿಗೆ ಸಿದ್ದಕ್ಕ ಬಂದಿದ್ದಳು, ಖಾಲಿ ಕೊಡ ಹೊತ್ತು, ಅಷ್ಟೇ ಸಾಕಾಯಿತು. ಖಾಲಿ ಕೊಡ ಎದುರಾತು ಸಾವ್ಕಾರ್ರೇ, ಅದಕ್ಕೇ ಹಿಂಗಾತು, ಅಂದವನು ಮೋಟಾರು ನಡೆಸುವ ಅಂಜನಪ್ಪ, ಮೀಸೆಯ ಮೇಲೆ ಕೈ ಬೇರೆ — ನೀರಿಗೆ ಹೋಗುವವರು ತುಂಬಿದ ಕೊಡ ಹೊತ್ತು ಹೋಗುತ್ತಾರೇನೋ, ಮುಠ್ಠಾಳ! ನಾಳೆಯಿಂದ ಕಮ್ಮಾರಗೇರಿ ಹೆಣ್ಮಕ್ಳು ಕೊಡ ಹಿಡ್ಕಂಡು ಈ ರಸ್ತೆ ತುಳಿಯಂಗಿಲ್ಲ, ಹಳ್ಳದ ದಾರಿ ಹಿಡೀಲಿ, ಅಂದುಬಿಟ್ಟರು ಸಾವ್ಕಾರರು, ಹಳ್ಳದ ದಾರಿ ಎಂದರೆ ಬರೀ ಮುಳ್ಳು, ಅರ್ಧ ಹರದಾರಿ ಸುತ್ತು, ಪಕ್ಕದ ಮನೆಯ ಬೋರಕ್ಕ ತುಂಬು ಬಸುರಿ, ಹೇಗೆ ನಡೆದಾಳು, ಅಪ್ಪನೋ ಆಗ್ಲಿ ಬುದ್ದಿ ಎಂದ, ಆಗಲಿಯಂತೆ! ಅಜ್ಜಿಯ ಕಥೆಯಲ್ಲಿ ಅರಸ ರಾಗಿಗೆ ಎಳ್ಳು ಬೆರೆಸಿ, ಹೊತ್ತು ಹುಟ್ಟುವುದರೊಳಗೆ ಆರಿಸು ಎಂದಾಗ ಹುಡುಗಿ ಅಳಲಿಲ್ಲ, ಇರುವೆಗಳನ್ನು ಕರೆದಳು — ಇಗೋ ಇನ್ನೊಂದು, ಅದರ ಹಿಂದೆ ಮತ್ತೊಂದು, ಸಾಲೇ ಹೊರಟಿದೆ, ಎಲ್ಲವೂ ಆ ಕೀಲಿನೊಳಕ್ಕೇ. ಎಣ್ಣೆ ಹಾಕೇ ಸಿದ್ದಿ, ಎಲ್ಲಿ ಕನಸು ಕಾಣ್ತಾ ಕುಂತಿ, ಅಂದ ಅಪ್ಪ. ಹಾಕಿದಳು. ತಿರುಪಿನ ಮುಚ್ಚಳ ಕಿರ್ರೆಂದು ಬಿಚ್ಚಿತು, ಒಳಗೆ ಕೀಲು ತಿರುಗುವ ಕಬ್ಬಿಣದ ಗುಂಡು, ಗುಂಡಿನ ಸುತ್ತ ಕರ್ರಗೆ ಅಂಟು, ಮೂಸಿದಳು, ಬಾಳೆಹಣ್ಣು, ಜೇನು, ಹುಳಿತ ಹಾಲು — ಆಯುಧಪೂಜೆ! ಆವತ್ತು ಊರೆದುರಿಗೆ ಮುಚ್ಚಳ ಬಿಚ್ಚಿ ಕೀಲುಕೀಲಿಗೂ ಚೊಂಬುಗಟ್ಟಲೆ ಪಂಚಾಮೃತ ಸುರಿದವನು ಇದೇ ಅಂಜನಪ್ಪ, ಎತ್ತಿನ ಗಾಡಿಗಾದರೂ ಕೀಲೆಣ್ಣೆ ಹಚ್ಚುತ್ತಾರೆ, ಇವನು ಸಕ್ಕರೆ ಹೊಯ್ದ, ಕೆಟ್ಟ ಹೆಸರು ಮಾತ್ರ ಅವಳ ಕೊಡಕ್ಕೆ! ಪಕ್ಕದಲ್ಲೇ ನಿಂತಿದ್ದ ಅಂಜನಪ್ಪ ಬಗ್ಗಿ ನೋಡಿದ, ಮೀಸೆಯಿಂದ ಕೈ ಇಳಿಯಿತು, ಲೇ ಕೆಂಚಪ್ಪ, ಸೀಮೆಎಣ್ಣೆ ಹಾಕಿ ಒರೆಸಿಬಿಡೋ, ಸಾವ್ಕಾರ್ರು ಬರೋದ್ರೊಳಗೆ, ಅಪ್ಪ ಅರಿವೆಗೆ ಕೈಚಾಚುತ್ತಾನೆ, ಯಾಕಪ್ಪಾ, ಯಾಕೆ, ಒರೆಸಿದ ಮೇಲೆ ಉಳಿಯುವುದು ಖಾಲಿ ಕೊಡ, ಬೋರಕ್ಕನ ಕಾಲಿನ ಮುಳ್ಳು — ಅವಳು ಗುಂಡಿನ ಮೇಲೆ ಅಂಗೈ ಮುಚ್ಚಿದಳು, ಕೈ ತೆಗಿಯೇ, ಅಂದ ಅಪ್ಪ, ತೆಗಿಯಲ್ಲ, ಸಾವ್ಕಾರ್ರು ಬರ್ಲಿ, ಅವರೇ ಮೂಸಿ ನೋಡ್ಲಿ, ಇರುವೆ ಬೆರಳಿಗೆ ಹತ್ತಿತು, ಕಚ್ಚಿತು, ಕೊಡವಿಕೊಳ್ಳಲಿಲ್ಲ, ಮಣಿಕಟ್ಟಿಗೆ ಇನ್ನೊಂದು, ರಸ್ತೆಯ ಕಡೆಯಿಂದ ಸಾವ್ಕಾರರ ಜೀರುಗುಟ್ಟುವ ಮೆಟ್ಟಿನ ಸದ್ದು, ಹತ್ತಿರ, ಇನ್ನೂ ಹತ್ತಿರ, ಇರುವೆ, ಇರುವೆ, ಬಾಯಲ್ಲಿ ಸಕ್ಕರೆಯ ಹರಳು ಕಚ್ಚಿಕೊಂಡ ಒಂದು ಇರುವೆ